ತೇಪೆಗೇಕೆ ನಾಚಿಕೆ?

"ಗಾಡಿ ಒಳಗೇ ಹಿಂಗಿದ್ರೆ ಇನ್ನು ಇಂಜಿನ್ನು ಹೆಂಗಿರ್ಬೇಡ!"

ಗಾಡಿ ಕೊಳ್ಳಲು ಬಂದ ಆ ಮನುಷ್ಯ ಹೀಗೆಂದಾಗ ಬಾನೆಟ್ಟನ್ನು ಎತ್ತಿಯೂ ನೋಡಿರಲಿಲ್ಲ. ಬಾಗಿಲು ತೆಗೆದ, ಬಿರುಕುಬಿಟ್ಟ ಡ್ಯಾಶ್‌ಬೋರ್ಡಿನ ಮೇಲೆ ಬೆರಳಾಡಿಸಿದ, ನೇತಾಡುತ್ತಿದ್ದ ಗ್ಲೋವ್ ಬಾಕ್ಸಿನ ಮುಚ್ಚಳವನ್ನು ಒಮ್ಮೆ ಎತ್ತಿ ಬಿಟ್ಟ. ಅದು ಟಪ್ಪೆಂದು ಕೆಳಗೆ ಬಿತ್ತು. ಅಷ್ಟಕ್ಕೆ ಅರವತ್ತು ಸಾವಿರ ರೂಪಾಯಿ ಕಡಿಮೆ ಮಾಡಿ ಬೆಲೆ ಹೇಳಿದ. ಅಂಗಳದ ಕಟ್ಟೆಯ ಮೇಲೆ ಕೂತಿದ್ದ ನನ್ನ ತಂಗಿ ಒಂದು ಮಾತೂ ಆಡಲಿಲ್ಲ. ಆಡುವುದಕ್ಕೆ ಯಾರಾದರೂ ಅವಳನ್ನು ಕೇಳಿದ್ದರಲ್ಲವೇ? ವ್ಯಾಪಾರವೆಲ್ಲ ಅವಳ ಮೈದುನನ ಜೊತೆ.

ನಮ್ಮ ತವರು ಕುಣಿಗಲ್ಲು. ತಂಗಿಯನ್ನು ಕೊಟ್ಟಿದ್ದು ಗುಬ್ಬಿಯ ಹತ್ತಿರದ ಒಂದು ಹಳ್ಳಿಗೆ. ನಾನು ತುಮಕೂರಿನಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೆಯ ಅಲೆಯಲ್ಲಿ ತಂಗಿಯ ಗಂಡ ಹೋಗಿಬಿಟ್ಟರು. ಅವರು ಬಿಟ್ಟುಹೋದದ್ದು ಒಂದಿಷ್ಟು ತೆಂಗು, ಓದುವ ಇಬ್ಬರು ಮಕ್ಕಳು, ಜೊತೆಗೆ 2009ರ ಮಾಡಲ್ಲಿನ ಒಂದು ಪಿಕಪ್ಪು. ತೋಟದ ಕಾಯಿ, ಬಾಳೆಗೊನೆ, ಅಕ್ಕಪಕ್ಕದವರ ತರಕಾರಿ ಇವನ್ನೆಲ್ಲ ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ಹಾಕುವುದು ಆ ಗಾಡಿಯ ಕೆಲಸ. ಮೊದಲು ಡ್ರೈವರ್ ಇಟ್ಟಳು. ಆಮೇಲೆ ತಾನೇ ಸ್ಟಿಯರಿಂಗ್ ಹಿಡಿದಳು. ಗಂಡನೇ ಕಲಿಸಿ ಲೈಸೆನ್ಸ್ ಮಾಡಿಸಿಕೊಟ್ಟಿದ್ದ.

ಅದಕ್ಕೂ ತಕರಾರು ಬಂತು. "ಗೂಡ್ಸ್ ಗಾಡಿಗೆ ಬೇರೆ ಲೈಸೆನ್ಸ್ ಬೇಕು ಅತ್ಗೆ, ಪೊಲೀಸ್ನೋರು ಹಿಡೀತಾರೆ" ಎಂದು ಮೈದುನ ಹೆದರಿಸಿದ. ಹಾಗೇನಿಲ್ಲ. 7,500 ಕಿಲೋದೊಳಗಿನ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತ್ತು. 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಈ ಮಾತು ನಮ್ಮ ಊರುಗಳ ಎಷ್ಟು ಹೆಣ್ಣುಮಕ್ಕಳ ಕಿವಿಗೆ ಬಿದ್ದಿದೆಯೋ! ಬೀಳದಿದ್ದರೆ ಒಳ್ಳೆಯದೆನ್ನುವವರೂ ಇದ್ದಾರಲ್ಲ.

ಇಷ್ಟಾದ ಮೇಲೆ ಉಳಿದದ್ದು ಒಂದೇ ನೆಪ, ಗಾಡಿ ಹಳೆಯದಾಯಿತು, ಒಳಗೆಲ್ಲ ಒಡೆದು ಹೋಗಿದೆ, ಗುಜರಿಗೆ ಹಾಕೋಣ ಎನ್ನುವುದು. ಇಂಜಿನ್ನು ಚೆನ್ನಾಗಿತ್ತು. ಬ್ರೇಕು ಚೆನ್ನಾಗಿತ್ತು. ವರ್ಷ ವರ್ಷ ಎಫ್‌ಸಿ ಆಗಿತ್ತು. ಒಡೆದದ್ದು ಪ್ಲಾಸ್ಟಿಕ್ಕು ಮಾತ್ರ. ಮೀಟರಿನ ಮೇಲಿನ ಕವಚ, ಗ್ಲೋವ್ ಬಾಕ್ಸಿನ ಮುಚ್ಚಳ, ಎಡಗಡೆಯ ಡೋರ್ ಪ್ಯಾಡು, ಇಷ್ಟೆ.

ಪೇಟೆಯ ಒಂದು ದೊಡ್ಡ ವರ್ಕ್‌ಶಾಪಿಗೆ ತಂಗಿಯೂ ನಾನೂ ಹೋದೆವು. ಜೊತೆಗೆ ನನ್ನ ಮಗ ಬಂದಿದ್ದ. ಗಾಡಿ ಯಾವ ಕಡೆಯಿಂದ ಸ್ಟಾರ್ಟ್ ಮಾಡಬೇಕೆಂಬುದೂ ಗೊತ್ತಿಲ್ಲದ ಸಾಫ್ಟ್‌ವೇರಿನವನು. ಪ್ರಶ್ನೆ ಕೇಳಿದ್ದು ತಂಗಿ. ಉತ್ತರ ಬಂದದ್ದು ನನ್ನ ಮಗನಿಗೆ! "ಬಿಡಿ ಕವರ್ ಬರಲ್ಲ ಸಾರ್, ಫುಲ್ ಸೆಟ್ಟೇ ಹಾಕ್ಬೇಕು. ಹತ್ತೊಂಬತ್ತು ಸಾವಿರ ಆಗುತ್ತೆ. ಆರ್ಡರ್ ಮಾಡಿದ್ರೆ ಬರಬಹುದು, ಬರದೇನೂ ಇರಬಹುದು. ಸುಮ್ನೆ ಗಾಡಿ ಎಕ್ಸ್‌ಚೇಂಜ್ ಮಾಡಿ ಸಾರ್." ರಿಪೇರಿ ಆಗುವುದಿಲ್ಲವೇ ಎಂದು ನಾನು ಕೇಳಿದೆ. ಆತ ನಕ್ಕ. "ಪ್ಲಾಸ್ಟಿಕ್ ಅಲ್ವಾ ಮೇಡಂ, ಅದನ್ನ ಯಾರು ರಿಪೇರಿ ಮಾಡ್ತಾರೆ?"

ಆ ನಗೆಯ ಮೇಲೆ ನನಗೆ ಬಂದ ಸಿಟ್ಟಿನಿಂದಲೇ ಈ ಲೇಖನ ಹುಟ್ಟಿದೆ.

ಯಾರು ರಿಪೇರಿ ಮಾಡುತ್ತಾರೆ? ನಮ್ಮ ಅಮ್ಮ ಮಾಡುತ್ತಿದ್ದಳು! ಕುಣಿಗಲ್ಲಿನಲ್ಲಿ ನಾವಿದ್ದ ಬೀದಿಗೆ ಪ್ಲಾಸ್ಟಿಕ್ ಬಿಂದಿಗೆ ಬಂದ ಹೊಸತರಲ್ಲಿ ಅದು ಭಾರೀ ಬೆಲೆಯ ವಸ್ತು. ಹಿತ್ತಾಳೆ ಕೊಡದಷ್ಟು ಭಾರವಿಲ್ಲ, ಮಣ್ಣಿನ ಕೊಡದ ಹಾಗೆ ಒಡೆಯುವುದಿಲ್ಲ ಎಂದು ಎಲ್ಲರೂ ಕೊಂಡರು. ಒಡೆಯುವುದಿಲ್ಲವೆಂಬುದು ಸುಳ್ಳೆಂದು ಬೇಗನೆ ಗೊತ್ತಾಯಿತು. ನಲ್ಲಿಯ ಸಾಲಿನಲ್ಲಿ ಒಂದಕ್ಕೊಂದು ತಾಗಿ, ಬಿಸಿಲಿಗೆ ಒಣಗಿ, ತಳದಲ್ಲಿ ಬಿರುಕು. ಅಮ್ಮ ಅದನ್ನು ಬಿಸಾಡಲಿಲ್ಲ. ಮೊಂಡು ಚಾಕುವೊಂದನ್ನು ಕೆಂಡದಲ್ಲಿ ಕಾಯಿಸಿ, ಹಳೆಯ ಬಿಂದಿಗೆಯಿಂದ ಕತ್ತರಿಸಿದ ಪಟ್ಟಿಯನ್ನು ಬಿರುಕಿನ ಮೇಲಿಟ್ಟು, ಎರಡೂ ಕರಗಿ ಒಂದಾಗುವ ಹಾಗೆ ಒತ್ತುತ್ತಿದ್ದಳು. ಕೆಂಪು ಬಿಂದಿಗೆಗೆ ನೀಲಿ ತೇಪೆ. ಒಮ್ಮೆ ನಾನು ಜಾಣತನ ತೋರಿಸಲು ಹೋಗಿ ಸ್ನಾನದ ಮಗ್ಗಿನ ಚೂರು ತಂದುಕೊಟ್ಟೆ. "ಅದು ಹಿಡಿಯಲ್ಲ ಕಣೆ, ಬಿಂದಿಗೆಗೆ ಬಿಂದಿಗೆದೇ ಆಗ್ಬೇಕು" ಎಂದಳು. ನೋಡಿದರೆ ನಿಜವೇ. ಮಾರನೆಯ ದಿನ ಉಗುರಿನಿಂದ ಎತ್ತಿದರೆ ಆ ತೇಪೆ ಎದ್ದುಬಂತು.

ನಾಲ್ಕನೆಯ ಇಯತ್ತೆಯೂ ಪೂರೈಸದ ಅಮ್ಮ ಹೇಳಿದ ಆ ಮಾತು ರಸಾಯನಶಾಸ್ತ್ರದ ಸತ್ಯ. ಪ್ಲಾಸ್ಟಿಕ್ಕು ಎಂಬುದು ಒಂದು ವಸ್ತುವಲ್ಲ, ಅದೊಂದು ಕುಲ. ಅದರೊಳಗೆ ನೂರಾರು ಮನೆತನಗಳು. ಬಿಂದಿಗೆಯದು ಪಾಲಿಎಥಿಲೀನ್. ಗಾಡಿಯೊಳಗೆ ಹೆಚ್ಚಾಗಿರುವುದು ಎರಡು, ಎಬಿಎಸ್ ಮತ್ತು ಪಾಲಿಪ್ರೊಪಿಲೀನ್. ಕರಗಿಸಿ ಕೂಡಿಸುವಾಗ ಆಯಾ ಜಾತಿಯದು ಆಯಾ ಜಾತಿಯದನ್ನೇ ಬಯಸುತ್ತದೆ. (ಜಾತಿಯೊಳಗೇ ಸಂಬಂಧ ಮಾಡಬೇಕೆನ್ನುವವರಿಗೆ ಇದರಿಂದ ಖುಷಿಯಾಗಬಹುದು. ಆ ನಿಯಮ ಪ್ಲಾಸ್ಟಿಕ್ಕಿಗೆ ಮಾತ್ರ ಸ್ವಾಮಿ.)

ಹತ್ತೊಂಬತ್ತು ಸಾವಿರ ಕೇಳಿದವನಿಗೆ ನಮಸ್ಕಾರ ಹೇಳಿ ಬಂದು ತಂಗಿಯ ಅಂಗಳದಲ್ಲಿ ಚಾಪೆ ಹಾಸಿ ಕೂತೆವು. ಕಳಚುವಾಗಲೇ ಅರ್ಧ ಪ್ಲಾಸ್ಟಿಕ್ಕು ಒಡೆಯುತ್ತದೆ, ಎಚ್ಚರ. ಸ್ಕ್ರೂಗಳ ಮೇಲೆ ಸಣ್ಣ ಬಿಲ್ಲೆಗಳು ಮುಚ್ಚಿರುತ್ತವೆ, ಅವನ್ನು ನೋಡದೆ ಎಳೆದರೆ ಕಿತ್ತೇ ಬರುತ್ತದೆ. ಕ್ಲಿಪ್ಪುಗಳನ್ನು ಎತ್ತಲು ಸ್ಕ್ರೂಡ್ರೈವರ್ ಹಾಕಬಾರದು. ನಾವು ಉಪಯೋಗಿಸಿದ್ದು ಮುದ್ದೆ ಕಟ್ಟುವ ಕೋಲಿನ ತುದಿಯನ್ನು ಚಪ್ಪಟೆಯಾಗಿ ಕೆತ್ತಿಕೊಂಡು. ಬೆಳಗಿನ ಚಳಿಯಲ್ಲಿ ಪ್ಲಾಸ್ಟಿಕ್ಕು ಪೆಡಸಾಗಿರುತ್ತದೆ, ಬಿಸಿಲೇರಿದ ಮೇಲೆ ಸ್ವಲ್ಪ ಬಾಗುತ್ತದೆ. ನಾವು ಹನ್ನೊಂದು ಗಂಟೆಗೆ ಕೈಹಚ್ಚಿದೆವು.

ಬಿಚ್ಚಿ ನೋಡಿದರೆ ಬಿರುಕಿನ ಚರಿತ್ರೆಯೆಲ್ಲ ಅಲ್ಲೇ ಇತ್ತು. ಹಿಂದೊಮ್ಮೆ ಯಾರೋ ಟೇಪ್‌ರೆಕಾರ್ಡರ್ ಕೂರಿಸಲು ಹಲಗೆಯನ್ನೇ ಕೊಯ್ದಿದ್ದರು. ಸ್ಕ್ರೂ ಬಿಗಿಯಲಿ ಎಂದು ತಿರುಗಿಸಿ ತಿರುಗಿಸಿ ಕಂಬಗಳನ್ನೇ ಸೀಳಿದ್ದರು. ದೇವರ ಪಟದ ಮುಂದೆ ಊದುಬತ್ತಿ ಚುಚ್ಚಿದ ಮೂರು ತೂತು. ಉಳಿದದ್ದು ಬಿಸಿಲಿನ ಕೆಲಸ. ಮಾರುಕಟ್ಟೆಯ ಬಯಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡು ಬೇಸಿಗೆಯಲ್ಲಿ 70 ಡಿಗ್ರಿ ದಾಟುವುದುಂಟು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಪ್ಲಾಸ್ಟಿಕ್ಕಿನ ಉದ್ದುದ್ದ ಅಣುಸರಪಳಿಗಳನ್ನು ಕತ್ತರಿಸುತ್ತಾ ಹೋಗುತ್ತದೆ. ಹದಿನೈದು ವರ್ಷದ ಬಿಸಿಲು! ನಮ್ಮ ಮುಖವೇ ಬಿರುಕುಬಿಟ್ಟಿದೆ, ಅದರದೇನು ತಪ್ಪು? ಗಾಜಿಗೆ ಒಳಗಿನಿಂದ ಒಂದು ಹಳೆಯ ಬಿಳಿ ಪಂಚೆ ಅಡ್ಡ ಹಾಕಿದ್ದರೂ ಇನ್ನೈದು ವರ್ಷ ಬರುತ್ತಿತ್ತು.

ಯಾವುದು ಯಾವ ಪ್ಲಾಸ್ಟಿಕ್ಕು ಎಂದು ತಿಳಿಯುವುದೇ ಇದರ ಅರ್ಧ ವಿದ್ಯೆ. ಅನೇಕ ಭಾಗಗಳ ಬೆನ್ನಿಗೆ ಅಚ್ಚಿನಲ್ಲೇ ಒತ್ತಿದ ಇಂಗ್ಲಿಷ್ ಅಕ್ಷರಗಳಿರುತ್ತವೆ, ಪಿಪಿ ಎಂದೋ ಎಬಿಎಸ್ ಎಂದೋ. ನಮ್ಮ ಗ್ಲೋವ್ ಬಾಕ್ಸಿನ ಮುಚ್ಚಳದ ಹಿಂದೆ ಪಿಪಿ ಇತ್ತು, ಜೊತೆಗೊಂದು ಟಿ ಅಕ್ಷರ. ಟಿ ಎಂದರೆ ಟಾಲ್ಕ್. ಹೌದು, ನಾವು ಮುಖಕ್ಕೆ ಬಳಿಯುವ ಪೌಡರಿನ ಅದೇ ಖನಿಜ! ಗಟ್ಟಿ ಬರಲೆಂದು ಪಾಲಿಪ್ರೊಪಿಲೀನಿಗೆ ಬೆರೆಸುತ್ತಾರೆ. ಪಾಲಿಪ್ರೊಪಿಲೀನ್ ನೀರಿನಲ್ಲಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ ಎಂದು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಲೋಟದ ನೀರಿಗೆ ಹಾಕಿದರೆ ಈ ಚೂರೂ ಮುಳುಗಿತು. ಪೌಡರಿನ ಭಾರ. ನನ್ನ ಪಾಠ ಅಲ್ಲಿಗೆ ಕೈಕೊಟ್ಟಿತು.

ಮೀಟರಿನ ಕವಚದ ಹಿಂದೆ ಗುರುತೇ ಇರಲಿಲ್ಲ. ಆಗ ಸಹಾಯಕ್ಕೆ ಬಂದದ್ದು ತಂಗಿಯ ಮಗಳ ನೈಲ್ ಪಾಲಿಶ್ ರಿಮೂವರ್. ಅದರಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ (ಅಸಿಟೋನ್ ಇಲ್ಲದ್ದೂ ಬರುತ್ತದೆ, ಬಾಟಲಿಯ ಮೇಲೆ ಓದಿ ನೋಡಿ). ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ಬೆರಳಿಟ್ಟರೆ ಅಂಟಂಟಾಯಿತು. ಎಬಿಎಸ್! ಪಾಲಿಪ್ರೊಪಿಲೀನ್ ಆಗಿದ್ದರೆ ಅಸಿಟೋನಿಗೆ ಜಗ್ಗುತ್ತಿರಲಿಲ್ಲ.

ಎಬಿಎಸ್‌ನ ರಿಪೇರಿ ದೋಸೆ ಹಿಟ್ಟಿನಷ್ಟೇ ಕಷ್ಟ. ಮಗನ ಹಳೆಯ ಕಂಪ್ಯೂಟರಿನ ಕೀಬೋರ್ಡು ಅಟ್ಟದ ಮೇಲಿತ್ತು. ಅದರ ತಳಹಲಗೆಯೂ ಎಬಿಎಸ್ಸೇ, ಬೆನ್ನ ಮೇಲೆ ಬರೆದಿತ್ತು. ಅದನ್ನು ಚೂರು ಮಾಡಿ ಗಾಜಿನ ಸೀಸೆಯಲ್ಲಿ ಅಸಿಟೋನಿಗೆ ಹಾಕಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಹಿಟ್ಟಿನ ಹದಕ್ಕೆ ಬಂದಿತ್ತು. ಇದಕ್ಕೆ ರಿಮೂವರ್ ಸಾಲದು, ಬರೀ ಅಸಿಟೋನೇ ಬೇಕು, ಬಣ್ಣದಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಒಲೆಯ ಹತ್ತಿರ ಮಾತ್ರ ಸುಳಿಯಕೂಡದು, ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುತ್ತದೆ. ಕಿಟಕಿ ತೆರೆದಿರಬೇಕು. ಬಿರುಕು ಮುಂದಕ್ಕೆ ಓಡದಿರಲೆಂದು ಅದರ ತುದಿಯಲ್ಲಿ ಸಣ್ಣ ತೂತು ಕೊರೆದು, ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ, ಹಿಂಬದಿಯಿಂದ ಆ ಹಿಟ್ಟನ್ನು ತುಂಬಿದೆವು. ತೊಳೆಯುವುದು ಮುಖ್ಯ. ಫಳಫಳ ಹೊಳೆಯಲೆಂದು ಡ್ಯಾಶ್‌ಬೋರ್ಡಿಗೆ ಬಳಿಯುವ ಪಾಲಿಶಿನ ಜಿಡ್ಡು ಉಳಿದರೆ ಯಾವ ಅಂಟೂ ಹಿಡಿಯುವುದಿಲ್ಲ. ಒಂದು ದಿನ ಒಣಗಿದ ಮೇಲೆ ಉಪ್ಪುಕಾಗದ ಹಾಕಿ ತಿಕ್ಕಿದೆವು. ಸೀಳಿದ ಸ್ಕ್ರೂ ಕಂಬಕ್ಕೆ ಫೆವಿಕ್ವಿಕ್ ಬಿಟ್ಟು ಮೇಲೆ ಒಂದು ಚಿಟಿಕೆ ಅಡುಗೆ ಸೋಡಾ ಉದುರಿಸಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಬಿಸಿಯಾಗುತ್ತದೆ, ಹೊಗೆಯಾಡುತ್ತದೆ, ಮುಖ ದೂರವಿರಲಿ.

ಪಾಲಿಪ್ರೊಪಿಲೀನ್ ಇಷ್ಟು ಸಾಧುವಲ್ಲ. ಫೆವಿಕ್ವಿಕ್ಕು, ಎಂ-ಸೀಲು, ಅರಾಲ್ಡೈಟು ಯಾವುದು ಹಾಕಿದರೂ ನಾಲ್ಕು ದಿನಕ್ಕೆ ಬಿಟ್ಟುಕೊಳ್ಳುತ್ತದೆ. ಅದಕ್ಕೆ ಅಮ್ಮನ ವಿದ್ಯೆಯೇ ಗತಿ. ಚಾಕುವಿನ ಬದಲು ರೇಡಿಯೋ ರಿಪೇರಿಯವರ 25 ವ್ಯಾಟಿನ ಸಾಲ್ಡರಿಂಗ್ ಕಡ್ಡಿ, ಕೆಂಡದ ಬದಲು ಕರೆಂಟು. ಬಿರುಕಿಗೆ ಅಡ್ಡಲಾಗಿ ಸ್ಟೇಪ್ಲರ್ ಪಿನ್ನುಗಳನ್ನು ಹಿಂಬದಿಯಿಂದ ಕಾಯಿಸಿ ಇಳಿಸಿದೆವು, ಗಾಯಕ್ಕೆ ಹೊಲಿಗೆ ಹಾಕಿದಂತೆ. ಮೇಲೆ ತೇಪೆಗೆ ಗುಜರಿಯಿಂದ ಮೂವತ್ತು ರೂಪಾಯಿಗೆ ತಂದ ಮುರಿದ ಬಂಪರಿನ ಚೂರು. ಅದರ ಬೆನ್ನ ಮೇಲೂ ಪಿಪಿ ಗುರುತಿರುವುದನ್ನು ನೋಡಿಯೇ ತಂದದ್ದು. ಪ್ಲಾಸ್ಟಿಕ್ಕು ಕರಗಬೇಕು, ಸುಡಬಾರದು. ಹೊಗೆ ಬಂದರೆ ಕಾವು ಹೆಚ್ಚಾಯಿತೆಂದು ಅರ್ಥ. ರೆಕ್ಸಿನ್ನಿನಂಥ ಪಿವಿಸಿಯನ್ನಂತೂ ಹೀಗೆ ಕಾಯಿಸಲೇಬಾರದು, ಅದರ ಹೊಗೆಯಲ್ಲಿ ಆಮ್ಲವಿರುತ್ತದೆ. ಮೊದಲ ತೇಪೆಯನ್ನು ನಾನು ಹಾಕಿದೆ. ಸೊಟ್ಟ. ಎರಡನೆಯದನ್ನು ತಂಗಿ ಹಾಕಿದಳು. ನೀಟು. ಬಣ್ಣ ಇದರ ಮೇಲೆ ಸುಲಭಕ್ಕೆ ನಿಲ್ಲುವುದಿಲ್ಲವಾದ್ದರಿಂದ ಡೋರ್ ಪ್ಯಾಡನ್ನು ಬಿ.ಎಚ್. ರಸ್ತೆಯ ಕುಷನ್ ಅಂಗಡಿಯವನ ಹತ್ತಿರ ರೆಕ್ಸಿನ್ ಹೊದಿಸಿಕೊಂಡು ಬಂದೆವು.

ಎಲ್ಲ ಸೇರಿ ಏಳುನೂರ ನಲವತ್ತು ರೂಪಾಯಿ, ಸಾಲ್ಡರಿಂಗ್ ಕಡ್ಡಿಯೂ ಸೇರಿ. ಹತ್ತೊಂಬತ್ತು ಸಾವಿರ ಎಲ್ಲಿ, ಇದೆಲ್ಲಿ?

ಈಗ ನನ್ನ ಜಗಳ. ಬಿಡಿ ಭಾಗ ಕೊಡುವುದಿಲ್ಲ, ಪೂರ್ತಿ ಸೆಟ್ಟೇ ಕೊಳ್ಳಿ ಎನ್ನುವುದು ವ್ಯಾಪಾರವೋ, ಬಲವಂತವೋ? ಇದು ನಮ್ಮ ಗುಬ್ಬಿಯ ಹೆಣ್ಣುಮಗಳೊಬ್ಬಳ ಗೊಣಗಾಟವಲ್ಲ. 2011ರಲ್ಲಿ ಒಬ್ಬ ಗ್ರಾಹಕ ಕೊಟ್ಟ ದೂರಿನಿಂದ ಶುರುವಾದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಬಿಡಿ ಭಾಗಗಳು ಹೊರಗಿನ ಅಂಗಡಿಗೂ ಹೊರಗಿನ ಮೆಕ್ಯಾನಿಕ್ಕಿಗೂ ಸಿಗದಂತೆ ಕಟ್ಟಿಹಾಕಿದ್ದೇ ಅವರ ಮೇಲಿನ ಆರೋಪ. ಕಂಪನಿಗಳು ಮೇಲ್ಮನವಿಗೆ ಓಡಿದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿತು, ಅದೇ ಡಿಸೆಂಬರ್ 24ರಂದು ಒಂದು ಪೋರ್ಟಲ್ಲನ್ನೂ ತೆರೆಯಿತು. ವಾಹನಗಳೂ ಅದರಲ್ಲಿವೆ. ಸಂತೋಷ. ಆದರೆ ಪೋರ್ಟಲ್ಲಿನಿಂದ ಗ್ಲೋವ್ ಬಾಕ್ಸಿನ ಮುಚ್ಚಳ ಉದುರುವುದಿಲ್ಲವಲ್ಲ! ಇದೇ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನವರ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಹೆಲಿಕಾಪ್ಟರ್ ಮಾಡುವ ತಾಲೂಕಿನಲ್ಲಿ ಒಂದಂಗುಲದ ಕ್ಲಿಪ್ಪು ಸಿಗದೆ ಗಾಡಿ ಗುಜರಿಗೆ ಹೋಗಬೇಕೆ?

ಸರ್ಕಾರವೇ ಹಳೆಯ ಗಾಡಿ ಗುಜರಿಗೆ ಹಾಕಿ ಎನ್ನುತ್ತಿದೆಯಲ್ಲ ಎಂದು ಮೈದುನ ವಾದ ಮಾಡಿದ. 2021ರ ಆಗಸ್ಟಿನಲ್ಲಿ ಜಾರಿಗೆ ತಂದ ಆ ನೀತಿ ಹೇಳುವುದು ಯೋಗ್ಯತಾ ಪರೀಕ್ಷೆಯಲ್ಲಿ ಸೋತ ಗಾಡಿಯ ಮಾತು. ಹೊಗೆ ಉಗುಳುವ, ಬ್ರೇಕು ಹಿಡಿಯದ ಗಾಡಿ ಹೋಗಲಿ, ನನ್ನದೇನೂ ತಕರಾರಿಲ್ಲ. ಡ್ಯಾಶ್‌ಬೋರ್ಡು ಸೀಳಿದೆಯೆಂದು ಇಂಜಿನ್ನನ್ನು ಕೊಲ್ಲಿ ಎಂದು ಯಾವ ನೀತಿಯಲ್ಲಿ ಬರೆದಿದೆ?

ಇನ್ನೊಂದು ಗುಂಪು ನನ್ನ ಓದಿಕೊಂಡ ಗೆಳತಿಯರದು. ಪ್ಲಾಸ್ಟಿಕ್ಕೆಂದರೆ ಮೂಗು ಮುರಿಯುವವರು. ಕರ್ನಾಟಕ 2016ರಲ್ಲಿ ಕೈಚೀಲ ನಿಷೇಧಿಸಿತು, ದೇಶ 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಕೆಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. ಇವರು ಬಟ್ಟೆ ಚೀಲ ಹಿಡಿದು ತರಕಾರಿಗೆ ಹೋಗುತ್ತಾರೆ, ಒಳ್ಳೆಯದೇ. ಮನೆಗೆ ಬಂದು ಹಿಡಿ ಮುರಿದ ಮಿಕ್ಸಿಯನ್ನು, ಚಕ್ರ ಬಿಟ್ಟ ಸೂಟ್‌ಕೇಸನ್ನು, ಮುಚ್ಚಳ ಸೀಳಿದ ವಾಷಿಂಗ್ ಮೆಷೀನನ್ನು ಹೊರಗಿಡುತ್ತಾರೆ. ಸಾವಿರ ಕೈಚೀಲದ ಪ್ಲಾಸ್ಟಿಕ್ಕು ಅದರಲ್ಲಿರುತ್ತದೆಂದು ಲೆಕ್ಕ ಹಾಕಿದವರಿಲ್ಲ. ಬಿಸಾಡುವುದರಲ್ಲಿ ಪಾಪವಿದೆಯಾದರೆ, ಬಾಳಿಸುವುದರಲ್ಲಿ ಪುಣ್ಯವಿಲ್ಲವೇ? ತೇಪೆ ಹಾಕುವುದೆಂದರೆ ಬಡತನ ಎಂದು ನಮಗೆ ಯಾವಾಗ ಯಾರು ಹೇಳಿಕೊಟ್ಟರು? ಕೌದಿಗೆ ತೇಪೆ ಹಾಕಿದರೆ ಈಗ ಅದು ಜಾನಪದ ಕಲೆ, ಬೆಂಗಳೂರಿನ ಅಂಗಡಿಯಲ್ಲಿ ಸಾವಿರಾರು ರೂಪಾಯಿ. ಬಿಂದಿಗೆಗೆ ಹಾಕಿದರೆ ಬಡತನ!

ಎಲ್ಲಕ್ಕೂ ತೇಪೆ ಹಾಕಿ ಎನ್ನುವಷ್ಟು ಮೂರ್ಖಳು ನಾನಲ್ಲ. ಸೀಟ್ ಬೆಲ್ಟಿಗೆ, ಬ್ರೇಕಿಗೆ, ಸ್ಟಿಯರಿಂಗಿಗೆ ತೇಪೆಯಿಲ್ಲ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದರ ಮುಚ್ಚಳದ ಹತ್ತಿರ ಕೈಹಾಕಬಾರದು, ಅದು ಗೊತ್ತಾದ ಗೆರೆಯಲ್ಲೇ ಹರಿದು ತೆರೆಯುವಂತೆ ಮಾಡಿರುತ್ತಾರೆ. ಹಳೆಯ ಜೀಪುಗಳ ತಗಡಿನ ಡ್ಯಾಶ್‌ಬೋರ್ಡೇ ಚೆನ್ನಾಗಿತ್ತು ಎಂದು ಹಳಹಳಿಸುವವಳೂ ಅಲ್ಲ. ತಗಡಿಗೆ ಹಣೆ ಬಡಿದುಕೊಂಡವರನ್ನು ನಾನು ನೋಡಿದ್ದೇನೆ.

ನನ್ನ ಸಿಟ್ಟೆಲ್ಲ ಆ ನಗೆಯ ಮೇಲೆ. "ಯಾರು ರಿಪೇರಿ ಮಾಡ್ತಾರೆ" ಎಂದು ಕೇಳುವವನಿಗೆ, ಮಾಡುವವರು ತನ್ನ ಮುಂದೆಯೇ ನಿಂತಿದ್ದರೂ ಕಾಣುವುದಿಲ್ಲ. ಅವರು ಸೀರೆ ಉಟ್ಟಿರುತ್ತಾರೆ. ಕುಕ್ಕರಿನ ಗ್ಯಾಸ್ಕೆಟ್ ಬದಲಿಸುವ, ಹೊಲಿಗೆ ಯಂತ್ರದ ಬಾಬಿನ್ ಸರಿಮಾಡುವ, ಸ್ಟವ್ವಿನ ಬರ್ನರ್ ಪಿನ್ನು ಹಾಕಿ ಚುಚ್ಚುವ ಕೈಗಳಿಗೆ ಸ್ಕ್ರೂಡ್ರೈವರ್ ಹೊಸದೇನಲ್ಲ. ನಾವು ಮಾಡಿದರೆ ಅದು ಮನೆಗೆಲಸ, ಗಂಡಸರು ಮಾಡಿದರೆ ಮೆಕ್ಯಾನಿಕ್ ಕೆಲಸ. ಈ ಲೆಕ್ಕ ಹಾಕಿದವರು ಯಾರೋ, ಒಪ್ಪಿಕೊಂಡವರು ಮಾತ್ರ ನಾವೇ. ವರ್ಕ್‌ಶಾಪಿನಲ್ಲಿ ಆತ ನನ್ನ ಮಗನಿಗೆ ಉತ್ತರ ಕೊಡುತ್ತಿದ್ದಾಗ ನಾನೂ ತಲೆಯಾಡಿಸುತ್ತಾ ನಿಂತಿದ್ದೆನಲ್ಲ, ಮೂವತ್ತು ವರ್ಷ ಪಾಲಿಮರು ಪಾಠ ಮಾಡಿದವಳು!

ಗಾಡಿ ಮಾರಲಿಲ್ಲ. ಅದೇ ವ್ಯಾಪಾರಿ ಹದಿನೈದು ದಿನ ಬಿಟ್ಟು ಮತ್ತೆ ಬಂದಿದ್ದನಂತೆ. ಬಾಗಿಲು ತೆಗೆದು ನೋಡಿ, ತಾನೇ ನಲವತ್ತು ಸಾವಿರ ಏರಿಸಿದನಂತೆ. ತಂಗಿ ಈ ಸಲ ಕಟ್ಟೆಯ ಮೇಲೆ ಕೂತಿರಲಿಲ್ಲ. "ಕೊಡೋದಿಲ್ಲ ಕಣಪ್ಪ, ನಾಳೆ ಕಾಯಿ ಹಾಕ್ಬೇಕು" ಎಂದು ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಳಂತೆ. ವಾರಕ್ಕೆ ಮೂರು ದಿನ ಬೆಳಗಿನ ಜಾವ ಗುಬ್ಬಿಯಿಂದ ಹೊರಟು ಅಂತರಸನಹಳ್ಳಿಗೆ ಬರುತ್ತಾಳೆ. ಹಿಂದಿರುಗುವಾಗ ನಮ್ಮ ಮನೆಯಲ್ಲಿ ಕಾಫಿ. ಗ್ಲೋವ್ ಬಾಕ್ಸಿನ ಮೇಲೆ ನನ್ನ ಸೊಟ್ಟ ತೇಪೆ ಎದ್ದು ಕಾಣುತ್ತದೆ. ತೆಗೆದು ಮತ್ತೆ ಹಾಕಿಕೊಡಲೇ ಎಂದರೆ ಬೇಡ ಎನ್ನುತ್ತಾಳೆ.

ಮೊನ್ನೆ ಬಂದಾಗ ಒಂದು ಗೋಣಿಚೀಲ ಇಳಿಸಿದಳು. ಮೈದುನ ಕೊಟ್ಟು ಕಳಿಸಿದ್ದಂತೆ, ಬಾಯಿಬಿಟ್ಟು ಕೇಳಲು ನಾಚಿಕೊಂಡು. ಒಳಗೆ ಅವನ ಟ್ರಾಕ್ಟರಿನ ಮೀಟರ್ ಕವಚ, ಮೂರು ಹೋಳಾಗಿದೆ. ಬೆನ್ನು ತಿರುಗಿಸಿ ನೋಡಿದೆ, ಗುರುತೇನೂ ಇಲ್ಲ. ಅಸಿಟೋನಿನ ಹನಿ ಹಾಕಿ ನೋಡಬೇಕು.